ಮಾವನ ನೆಂಟರು

ಮಾವ ಬದುಕಿದ್ದಾಗ ಹಿತ್ತಲ ಸೀತಾಫಲದ ಬುಡ ಅಂದರೆ ತಿಪ್ಪೆ. ಒಡೆದದ್ದು, ಹಕ್ಕಿ ಕುಕ್ಕಿದ್ದು, ಕೊಳೆತದ್ದು ಎಲ್ಲ ಬಿದ್ದಲ್ಲೇ ಬಿದ್ದಿರಬೇಕು. ಸೊಸೆ ಪೊರಕೆ ಹಿಡಿದು ಹೋದರೆ ಅಡ್ಡ ನಿಲ್ಲುತ್ತಿದ್ದರು.

"ಬಿಡಮ್ಮ, ಅಲ್ಲಿ ನನ್ನ ನೆಂಟರಿದ್ದಾರೆ."

"ನಿಮ್ಮ ನೆಂಟರಿಗೆ ಮೂಗಿಲ್ವಾ ಮಾವ?" ಎಂದು ಅವಳು ರೇಗುತ್ತಿದ್ದಳು.

ಹೋದ ವರ್ಷ ಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಮಾವ ತೀರಿಕೊಂಡರು. ಮನೆಗೆ ಜನ ಬರುತ್ತಾರಲ್ಲ ಎಂದು ಅವಳು ಬುಡವನ್ನು ಚೊಕ್ಕಟ ಗುಡಿಸಿ, ಕಸಕ್ಕೆ ಬೆಂಕಿ ಇಟ್ಟಳು. ಆಮೇಲೆ ಅದೇ ರೂಢಿಯಾಯಿತು.

ಈ ವರ್ಷ ಮರದ ತುಂಬ ಹೂವು, ಕಾಯಿ ಒಂದೂ ಇಲ್ಲ. ಹಾಸಿಗೆ ಹಿಡಿದ ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಗಂಡ ನೆಟ್ಟ ಮರದ ಹಣ್ಣು ಇನ್ನೊಮ್ಮೆ ತಿನ್ನಬೇಕು ಅನ್ನುವುದೊಂದೇ ಆಸೆ. ದಿನಾ ಬೆಳಿಗ್ಗೆ ಕೇಳುವರು, "ಕಾಯಿ ಕಚ್ಚಿತೇನೇ?" ಇಲ್ಲವೆಂದರೆ ಗೋಡೆ ಕಡೆ ಹೊರಳುವರು. "ಅವರ ಜೊತೆ ಮರವೂ ಹೋಯ್ತು ಬಿಡು."

ಒಂದು ದಿನ ಸಸಿ ಮಾರುವವಳು ಬಂದಳು. ಹೂವೊಂದನ್ನು ಕಿತ್ತು, ದಪ್ಪ ಎಸಳನ್ನು ಉಗುರಿನಿಂದ ಸೀಳಿದಳು.

"ಖಾಲಿ ಮನೆ! ಈ ಹೂವಿನ ಬಾಯಿ ಕಿರಿದು, ಜೇನ್ನೊಣ ಮೂಸೋದಿಲ್ಲ. ಎಳ್ಳಿನಷ್ಟು ಜೀರುಂಡೆ ಒಳಗೆ ಹೊಕ್ಕು, ಪರಾಗ ಮೈಗೆ ಮೆತ್ತಿಕೊಂಡು ಇನ್ನೊಂದು ಹೂವಿಗೆ ಹೋಗಬೇಕು. ಅವು ಮರಿ ಮಾಡೋದು ಕೊಳೆತ ಹಣ್ಣಲ್ಲಿ. ನೀನು ನೋಡಿದ್ರೆ ಬುಡಾನ ಊಟದ ತಟ್ಟೆ ತೊಳೆದ ಹಾಗೆ ಇಟ್ಟಿದ್ದೀಯ!"

ಸೊಸೆ ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

ಮಾರನೆಯ ದಿನದಿಂದ ಹಣ್ಣಿನಂಗಡಿಯ ಕೊಳೆತ ಬಾಳೆ, ಅನಾನಸ್ ಸಿಪ್ಪೆ ಹೊತ್ತು ತಂದು ಬುಡಕ್ಕೆ ಸುರಿದಳು.

"ಹಂದಿ ಸಾಕಿದ್ದೀರಾ ಅಕ್ಕಾ?" ಎಂದ ಅಂಗಡಿಯವನು.

"ನೆಂಟರು ಬರ್ತಾರೆ" ಅಂದಳು. ಬುಟ್ಟಿ ಎತ್ತಿಕೊಂಡು ಹೊರಟಳು.

ಜೀರುಂಡೆಗಳೇನೋ ಬಂದವು. ಅಷ್ಟರಲ್ಲಿ ಮರದಲ್ಲಿ ಉಳಿದದ್ದು ತಡವಾಗಿ ಬಿಟ್ಟ ನಾಲ್ಕಾರು ಹೂವು. ಒಂದೇ ಒಂದು ಕಾಯಿ ಕಚ್ಚಿತು, ಬಟಾಣಿಯಷ್ಟು.

ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕರೆತಂದು, ಬೆರಳು ಹಿಡಿದು ಮುಟ್ಟಿಸಿದಳು.

"ಹಣ್ಣಾಗೋಕೆ?"

"ನಾಲ್ಕು ತಿಂಗಳು ಅತ್ತೆ."

ಡಾಕ್ಟರು ಒಂದು ತಿಂಗಳು ಅಂದದ್ದು ಇಬ್ಬರಿಗೂ ಗೊತ್ತಿತ್ತು.

"ಮಾವನ ನೆಂಟರನ್ನ ಗುಡಿಸಿ ಸುಟ್ಟವಳು ನಾನೇ" ಎಂದಳು ಸೊಸೆ.

"ನನಗೂ ಆ ವಾಸನೆ ಆಗ್ತಿರಲಿಲ್ಲ ಕಣೇ. ಅವತ್ತು ಪೊರಕೆ ತಗೋ ಅಂದವಳು ಯಾರು, ಮರೆತ್ಯಾ?" ಅತ್ತೆ ಕಾಯಿಯಿಂದ ಕೈ ತೆಗೆಯಲಿಲ್ಲ. "ಹಣ್ಣಾದ್ರೆ ಕೀಳಬೇಡ. ಬಿದ್ದಲ್ಲೇ ಇರಲಿ. ಅವರ ನೆಂಟರು ಉಣ್ಣಲಿ."

ಸೊಸೆ ಹ್ಞೂಂ ಅಂದಳು. ಒಳಗೆ ಹೋಗುವಾಗ ಚಕ್ರ ಕೊಳೆತ ಹಣ್ಣಿನ ಮೇಲೆ ಹರಿಯದಂತೆ, ಕುರ್ಚಿಯನ್ನು ಬಳಸು ದಾರಿಯಲ್ಲಿ ಮೆಲ್ಲಗೆ ತಳ್ಳಿಕೊಂಡು ಹೋದಳು.