ಚಾಕಿ ಹುಳಕ್ಕಿರೋ ನ್ಯಾಯ ನನ್ನ ಮಗಳಿಗಿಲ್ವಾ?

ಹುತ್ತೂರು ಹೋಬಳಿಯ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕುವುದನ್ನು ಭಾರತಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಕಾಲು ತೊಳೆಯದೆ ಹುಳದ ಮನೆಗೆ ಕಾಲಿಟ್ಟರೆ ಸ್ವಂತ ಮಗ ಅನಿಲ್‌ಕುಮಾರನನ್ನೂ ಬೈದು ಹೊರಗೆ ಅಟ್ಟುತ್ತಾರೆ. ಇಷ್ಟು ಜಾಣೆಯಾದ ಅವರು ತಮ್ಮ ಮೊಮ್ಮಗಳ ವಿಷಯದಲ್ಲಿ ಎಡವಿದರು. ನಾನು ಈ ಊರಿನ ಆಶಾ ಕಾರ್ಯಕರ್ತೆ ಅನಸೂಯಮ್ಮ. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಮೊಮ್ಮಗಳು ಮೇಘನಳಿಗೆ ಮೂರು ವರ್ಷ. ಹುಟ್ಟಿದ ಹತ್ತನೇ ದಿನಕ್ಕೆ ಅವಳ ಕರುಳು ತಿರುಚಿಕೊಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಕೆಟ್ಟುಹೋದ ಭಾಗ ತೆಗೆದರು. ಉಳಿದದ್ದು ಸ್ವಲ್ಪವೇ. ಉಂಡದ್ದನ್ನು ಮೈಗೆ ಹತ್ತಿಸುವುದು ಕರುಳಿನ ಕೆಲಸ. ಆ ಕರುಳೇ ಮೋಟಾದರೆ ಮಗು ಬೆಳೆಯುವುದು ಹೇಗೆ? ತಿಂಗಳುಗಟ್ಟಲೆ ರಕ್ತನಾಳದಲ್ಲೇ ಆಹಾರ ಕೊಟ್ಟು ಅವಳನ್ನು ಉಳಿಸಿಕೊಂಡರು. ಈಗ ಹೊಟ್ಟೆಗೆ ಒಂದು ಸಣ್ಣ ಪೈಪ್ ಇದೆ. ಡಾಕ್ಟರು ಬರೆದುಕೊಟ್ಟ ಹಾಲಿನಂಥ ಆಹಾರ ಅದರಲ್ಲಿ ನಿಧಾನಕ್ಕೆ ಹೋಗುತ್ತದೆ. ಜೊತೆಗೆ ಬಾಯಿಗೂ ದಿನಕ್ಕೆ ಏಳೆಂಟು ಸಲ ನಾಲ್ಕು ನಾಲ್ಕು ತುತ್ತು.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಭಾರತಮ್ಮನ ಅಕ್ಕ, ಮುಳಬಾಗಿಲಿನ ಮುನಿಯಲ್ಲಮ್ಮ, ಮಗುವಿನ ಎದುರಿಗೇ ಅಂದಿದ್ದರು: "ಇದು ಉಳಿಯೋ ಕೂಸಲ್ಲ ಬಿಡೇ ಸುನಂದ. ಇನ್ನೊಂದು ಮಾಡ್ಕೋ."

ಮೇಘನಳ ತಾಯಿ ಸುನಂದ ತಲೆ ತಗ್ಗಿಸಲಿಲ್ಲ. "ಉಳೀತಾಳೆ ದೊಡ್ಡತ್ತೆ, ಬೆಳೀತಾಳೆ ಕೂಡ. ನಿಮ್ಮನ್ನ ಎದ್ರುಗೊಳ್ಳೋಕೆ ಇವಳೇ ಓಡ್ಬರ್ತಾಳೆ, ನೋಡ್ತಿರಿ."

ಕಳೆದ ಶ್ರಾವಣದಲ್ಲಿ ಸುನಂದ ತವರಿಗೆಂದು ಶ್ರೀನಿವಾಸಪುರಕ್ಕೆ ಹೋಗಿ ಒಂದು ರಾತ್ರಿ ಉಳಿದಳು. ಅವಳು ಬಸ್ಸು ಹತ್ತಿದ ಮೇಲೆ ಮೇಘನಳಿಗೆ ಭೇದಿ ಹೆಚ್ಚಾಯಿತು. ಮನೆಯಲ್ಲಿದ್ದವರು ಭಾರತಮ್ಮ ಮತ್ತು ನೋಡಿಹೋಗಲು ಬಂದಿದ್ದ ಅಕ್ಕ ಮುನಿಯಲ್ಲಮ್ಮ, ಇಬ್ಬರೇ. ಅನಿಲ್‌ಕುಮಾರ್ ರೇಷ್ಮೆ ಗೂಡು ಮಾರಲು ಹೋಗಿದ್ದ. ಮರುದಿನ ಬೆಳಿಗ್ಗೆ ನಾನು ತಿಂಗಳ ತೂಕ ನೋಡಲು ಹೋದರೆ ಮಗು ಬಾಡಿ ಮಲಗಿದೆ. ಕಣ್ಣು ಗುಳಿಬಿದ್ದಿದೆ, ನಾಲಿಗೆ ಒಣಗಿದೆ. ರಾತ್ರಿಯಿಂದ ಉಚ್ಚೆಯೇ ಹೊಯ್ದಿಲ್ಲ. ಒಂಬತ್ತು ಕೆ.ಜಿ. ಇದ್ದವಳು ಎಂಟೂಕಾಲಿಗೆ ಇಳಿದಿದ್ದಳು.

"ಪೈಪಿನ ಊಟ ಎಲ್ಲಿ ಭಾರತಕ್ಕ?"

"ನಿನ್ನೆಯಿಂದ ನಿಲ್ಸಿದ್ದೀನಿ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀವೇನಮ್ಮ? ಹಂಗೇ ಭೇದಿ ಆಗೋ ಹೊಟ್ಟೆಗೂ ರೆಸ್ಟ್ ಕೊಟ್ಟೆ. ಬಾಯಾರಿಕೆ ಅಂದ್ಲು, ಅಕ್ಕ ತಂದಿದ್ದ ಜ್ಯೂಸ್ ಕುಡಿಸ್ದೆ."

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದಕ್ಕೆ ಮೇವು ಬೇಡ, ನಿಜ. ಆದರೆ ಮಗು ಹುಳುವಲ್ಲ. ಮೋಟು ಕರುಳಿನ ಮಗುವಂತೂ ಒಂದೇ ದಿನದಲ್ಲಿ ಒಣಗಿಹೋಗುತ್ತದೆ.

"ಸಕ್ಕರೆ ಜ್ಯೂಸು ಈ ಮಗೂಗೆ ಭೇದೀನ ಇನ್ನೂ ಜಾಸ್ತಿ ಮಾಡುತ್ತೆ ಕಣಕ್ಕ" ಎಂದು ಬೆಂಗಳೂರಿನ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಹೇಳಿದ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಸುತ್ತಾ ಆಟೋದಲ್ಲಿ ಕೋಲಾರದ ಆಸ್ಪತ್ರೆಗೆ ಹೊರಟೆವು. ಸುದ್ದಿ ತಿಳಿದ ಸುನಂದ ಬಸ್ಸಿಳಿದು ನೇರ ಅಲ್ಲಿಗೇ ಓಡಿಬಂದಳು. ಮೂರು ದಿನ ಮಗುವಿಗೆ ಗ್ಲೂಕೋಸ್ ಬಾಟಲಿ ಏರಿಸಿದರು.

ಮಗುವನ್ನು ಮನೆಗೆ ಕರೆತಂದ ದಿನ ನಾನೂ ಜೊತೆಗಿದ್ದೆ. ಭಾರತಮ್ಮ ಹುಳದ ಮನೆ ಬಾಗಿಲಲ್ಲಿ ಸೊಪ್ಪು ಹೆಚ್ಚುತ್ತಾ ಕೂತಿದ್ದರು. ಸುನಂದ ಹೋಗಿ ಎದುರಿಗೆ ನಿಂತಳು.

"ಅತ್ತೆ, ಚಾಕಿ ಹುಳಕ್ಕೆ ಇಡೀ ಎಲೆ ಹಾಕ್ತೀರಾ?"

"ಯಾರಾದ್ರೂ ಹಾಕ್ತಾರೇನೇ? ಸಾಸಿವೆಯಷ್ಟು ಮರಿ ಅವು. ಎಳೇ ಸೊಪ್ಪು ಸಣ್ಣಕ್ಕೆ ಹೆಚ್ಚಿ ಹೊತ್ತುಹೊತ್ತಿಗೆ ಹಾಕ್ಬೇಕು."

"ಹೊತ್ತು ತಪ್ಪಿದ್ರೆ?"

"ಹುಳ ಸಮ ಬರಲ್ಲ. ಒಂದು ದಪ್ಪ, ಒಂದು ಸಣ್ಣ."

"ನನ್ನ ಮಗಳಿಗೂ ಅಷ್ಟೇ ಅತ್ತೆ. ಸ್ವಲ್ಪ ಸ್ವಲ್ಪ, ಹೊತ್ತುಹೊತ್ತಿಗೆ. ಹುಳದ ಮನೇಗೆ ಕೈ ತೊಳೀದೆ ಒಬ್ರನ್ನೂ ಬಿಡಲ್ಲ ನೀವು. ಇವಳ ಪೈಪನ್ನ ಬಂದೋರೆಲ್ಲ ಎಳೆದೆಳೆದು ನೋಡ್ತಾರೆ, ಸುಮ್ನಿರ್ತೀರ. ಚಾಕಿ ಹುಳಕ್ಕಿರೋ ನ್ಯಾಯ ನನ್ನ ಮಗಳಿಗಿಲ್ವಾ?"

ಭಾರತಮ್ಮನ ಕೈಯಲ್ಲಿದ್ದ ಕತ್ತಿ ನಿಂತಿತು. "ಹುಳ ಸಾಕೋ ಕೈಯಲ್ಲೇ ಮಗೂನ ಕೊಲ್ತಿದ್ನಲ್ಲೇ" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಅಂದಿನಿಂದ ಮೇಘನಳ ಊಟದ ಹೊತ್ತನ್ನು ಕಾಯುವವರು ಭಾರತಮ್ಮನೇ. ಸೋಪು ಹಚ್ಚಿ ಕೈ ತೊಳೆದೇ ಪೈಪ್ ಮುಟ್ಟುತ್ತಾರೆ. ತಿಂಗಳಿಗೊಮ್ಮೆ ತೂಕ, ಎತ್ತರ ನೋಡಲು ಅವರೇ ಮಗುವನ್ನು ಅಂಗನವಾಡಿಗೆ ಎತ್ತಿಕೊಂಡು ಬರುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಮೇಘನ ಹತ್ತು ಕೆ.ಜಿ. ತೂಗಿದಳು. ಒಂದು ಬೆರಳಿನಷ್ಟು ಎತ್ತರವೂ ಬೆಳೆದಿದ್ದಳು. ಸುನಂದ ಅದನ್ನೆಲ್ಲ ಬರೆಸಿದ್ದ ಅಂಗನವಾಡಿ ಕಾರ್ಡನ್ನು ಊರಿಗೆಲ್ಲ ತೋರಿಸಿಕೊಂಡು ಬಂದಳು. ತೋರಿಸಲಿ ಬಿಡಿ!

ಹಬ್ಬಕ್ಕೆ ಮುನಿಯಲ್ಲಮ್ಮ ಬಂದರು. ಕೈಯಲ್ಲಿ ಮತ್ತದೇ ಜ್ಯೂಸ್ ಬಾಟಲಿ. ಆಟೋ ಸದ್ದಿಗೆ ಮೇಘನ ಬಾಗಿಲವರೆಗೂ ಓಡಿಹೋದಳು.

"ಇನ್ನೂ ಈ ಪೈಪು ಕಿತ್ತಿಲ್ವೇನೇ?" ಎಂದು ಮುನಿಯಲ್ಲಮ್ಮ ಮಗುವಿನ ಹೊಟ್ಟೆಗೆ ಕೈಹಾಕಿದರು.

ಭಾರತಮ್ಮ ನಡುವೆ ಬಂದು ನಿಂತರು. "ಅಕ್ಕಾ, ಮೊದ್ಲು ಕೈ ತೊಳ್ಕೋ. ಪೈಪು ಕೀಳೋದು ಡಾಕ್ಟ್ರು, ನೀನಲ್ಲ. ಆ ಜ್ಯೂಸು ನೀನೇ ಕುಡಿ."

ಮೇಘನ ಸೋಪು ತಂದು ದೊಡ್ಡಜ್ಜಿಯ ಮುಂದೆ ಹಿಡಿದಳು. "ತೊಳ್ಕೋ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕರುಳು ಸೋತ ಇಂಥ ಮಗು ಇದ್ದರೆ, ಭೇದಿ ಹೆಚ್ಚಾಯಿತೆಂದು ನೀವಾಗಿಯೇ ಊಟ ನಿಲ್ಲಿಸಬೇಡಿ. ನಿಲ್ಲಿಸಬೇಕೋ ಬದಲಿಸಬೇಕೋ ಡಾಕ್ಟರನ್ನೇ ಕೇಳಿ. ಜ್ವರ ಬಂದರೆ, ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಓಡಿ. ಪ್ರತಿ ತಿಂಗಳೂ ತೂಕ, ಎತ್ತರ ಬರೆಸಿ. "ಉಳಿಯೋ ಮಗು ಅಲ್ಲ" ಎಂದು ಯಾರಾದರೂ ಅಂದರೆ ಆ ಕಾರ್ಡನ್ನು ಅವರ ಮುಖದ ಮುಂದೆ ಹಿಡಿಯಿರಿ. ಹಿಡಿಯುವ ಮೊದಲು ಅವರ ಕೈ ತೊಳೆಸಿ.