ಕೊಂಡಿ ಎತ್ತುವ ಕೈ

ಎರಡು ಡಬ್ಬಿಗಳು ಟಕ್ಕೆಂದು ಒಂದಕ್ಕೊಂದು ಹಿಡಿದುಕೊಂಡವು. ಕಾಶಪ್ಪ ಹಿಂದಕ್ಕೆ ಸರಿದು ಕೂತು ನಕ್ಕ.

"ನೋಡಿದ್ರೇನು? ಕೈ ಹಚ್ಚಂಗಿಲ್ಲ, ಏನಿಲ್ಲ. ದೂಡಿದ್ರ ಸಾಕು, ತಾನೇ ಹಿಡೀತದ."

ಹಲಗೆಯ ಮೇಲೆ ಹಿತ್ತಾಳೆ ಪಟ್ಟಿಯ ಹಳಿ. ಹಳಿಗಳ ನಡುವೆ ಎರಡು ಬೆರಳಗಲ. ಅದರ ಮೇಲೆ ಕಬ್ಬು ಸಾಗಿಸುವ ರೈಲಿನ ಎರಡು ತಗಡಿನ ಡಬ್ಬಿ, ಒಂದೊಂದೂ ಅಂಗೈಯುದ್ದ. ಪಿಂಪ್ರಿಯ ತನ್ನ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಊಟದ ಬಿಡುವಿನಲ್ಲಿ ಕೊರೆದು, ಉಜ್ಜಿ, ಮನೆಗೆ ತಂದು ಜೋಡಿಸಿದ್ದ. ಡಬ್ಬಿ ಮಾಡುವುದು ಕಷ್ಟವಾಗಿರಲಿಲ್ಲ, ಕಷ್ಟವಾದದ್ದು ಡಬ್ಬಿಗೆ ಡಬ್ಬಿ ಹಿಡಿಸುವ ಕಪ್ಲಿಂಗು. ಮೊದಲು ತಂತಿಯ ಕೊಕ್ಕೆ ಬಗ್ಗಿಸಿ ನೋಡಿದ, ತಿರುವಿನಲ್ಲಿ ಕಳಚಿತು. ತಗಡಿನ ಪಟ್ಟಿ ಹಾಕಿದ, ಡಬ್ಬಿ ಹಳಿ ಬಿಟ್ಟು ಇಳಿಯಿತು. ಕೊನೆಗೆ ಹಳೆ ಸಾಮಾನು ಮಾರುವ ಜುನಾ ಬಜಾರಿನ ರಾಶಿಯಲ್ಲಿ ಪರದೇಶದ ಮುರುಕು ಆಟದ ರೈಲೊಂದು ಸಿಕ್ಕಿತು. ಅದರ ಕಪ್ಲಿಂಗು ಕಿತ್ತು, ಅಡಿಭಾಗವನ್ನು ಅರದಿಂದ ಉಜ್ಜಿ ಎರಡು ಡಬ್ಬಿಯದೂ ಒಂದೇ ಎತ್ತರಕ್ಕೆ ತಂದು, ತಿರುವಿನಲ್ಲಿ ಅತ್ತಿತ್ತ ಹೊರಳಾಡುವಷ್ಟು ಜಾಗ ಬಿಟ್ಟು ರಿವೆಟ್ ಹೊಡೆದಿದ್ದ. ಕೆಲಸ ಚೊಕ್ಕವಾಗಿತ್ತು. ಚೊಕ್ಕವಾಗಿದೆಯೆಂದು ಅವನಿಗೇ ಗೊತ್ತಿತ್ತು.

"ಶಭಾಷ್," ಎಂದ ಮಂಚದ ಮೇಲೆ ಕೂತಿದ್ದ ನಿಜಲಿಂಗಪ್ಪ. ಯೂನಿಯನ್ನಿನವನು. ಈ ಆಟಿಕೆ ಮಾಡಿಸುವ ಯೋಚನೆ ಅವನದೇ. "ಸಾಹೇಬರಿಗೆ ಬಾಯಿಲೆ ಹೇಳಿದ್ರ ತಲಿಗಿ ಹೋಗಂಗಿಲ್ಲ, ಕಣ್ಣಿಗಿ ಕಾಣಬೇಕು. ನಾಳಿ ಇದನ್ನ ಮೇಜಿನ ಮ್ಯಾಲ ಇಟ್ರ ಮುಗೀತು."

ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಜಜ್ಜುತ್ತಿದ್ದ ಯಂಕವ್ವನ ಕೈ ನಿಂತಿತು.

ಯಂಕವ್ವ ಕಾಶಪ್ಪನ ಅಕ್ಕ. ಗಂಡ ಸತ್ತ ಮೇಲೆ ಕೂಸನ್ನು ಎತ್ತಿಕೊಂಡು ಈ ಚಾಳಿನ ಖೋಲಿಗೆ ಬಂದಿದ್ದಳು. ಗಂಡ ಅಂಬಾರಾಯ ಪುಣೆಯಾಚೆಯ ಒಂದು ಸಕ್ಕರೆ ಫ್ಯಾಕ್ಟರಿಯಲ್ಲಿದ್ದ. ಹೊಲದಿಂದ ಗಾಣದವರೆಗೆ ಕಬ್ಬು ಸಾಗಿಸಲು ಫ್ಯಾಕ್ಟರಿಗೆ ತನ್ನದೇ ಸಣ್ಣ ಹಳಿಯ ರೈಲಿತ್ತು. ಡಬ್ಬಿಗೆ ಡಬ್ಬಿ ಜೋಡಿಸುವುದು ಅಂಬಾರಾಯನ ಕೆಲಸ. ಹಾಗೆ ಜೋಡಿಸುವಾಗಲೇ ಎರಡರ ನಡುವೆ ಸಿಕ್ಕಿ ಸತ್ತ. ಡಬ್ಬಿಗಳ ನಡುವೆ ಹೋಗುವ ಕೆಲಸವೇ ಅವನಿಗಿರಲಿಲ್ಲ, ಸತ್ತದ್ದು ಅವನದೇ ತಪ್ಪಿನಿಂದ ಎಂದು ಫ್ಯಾಕ್ಟರಿಯವರು ಬರೆದು ಕೈ ತೊಳೆದುಕೊಂಡರು. ನಾಳೆ ಪುಣೆಯಲ್ಲಿ ಅದರ ವಿಚಾರಣೆ.

ಅವಳು ಎದ್ದು ಬಂದು ಒಂದು ಡಬ್ಬಿಯನ್ನು ಬೆರಳಿನಿಂದ ದೂಡಿದಳು. ಟಕ್. ಬಿಡಿಸಿ ಮತ್ತೆ ದೂಡಿದಳು. ಟಕ್.

"ಇದ್ಯಾವ ಡಬ್ಬಿ?"

"ನಿಮ್ಮ ಫ್ಯಾಕ್ಟರೀದೇ ಅಕ್ಕಾ. ನಾನೇ ಹೋಗಿ ಬೇಲಿ ಹೊರಗ ನಿಂತು ನೋಡಿ ಬಂದೀನಿ. ಅಲ್ಲಿ ಹ್ಯಾಂಗ ಅದನೋ ಹಂಗೇ ಮಾಡೀನಿ."

"ಹಿಂಗಿದ್ರ ನನ್ನ ಗಂಡ ನಡುವ ಯಾಕ ಹೋದ?"

ಕಾಶಪ್ಪನ ನಗು ಮುಖದ ಮೇಲೆಯೇ ಉಳಿಯಿತು. ಅದನ್ನು ತೆಗೆಯುವುದು ಅವನಿಗೆ ಹೊಳೆಯಲಿಲ್ಲ.

"ಹೇಳು ಮತ್ತ!" ಎಂದಳು ಯಂಕವ್ವ. " ತಾನೇ ಹಿಡೀತದಂದ್ರ ಅಂವ ಡಬ್ಬಿ ನಡುವ ಕುಣೀಲಕ್ಕ ಹೋಗಿದ್ನಾ? ಅವರು ಬರದದ್ದೂ ಅದೇ ಅದಲ್ಲ? ಅವರು ಹಾಳಿ ಮ್ಯಾಲ ಬರದಾರ, ನೀ ತಗಡದಾಗ ಮಾಡೀದಿ."

ನಿಜಲಿಂಗಪ್ಪ ಕೆಮ್ಮಿದ. "ತಂಗಿ, ಸಿಟ್ಟಿಗಿ ಬರಬ್ಯಾಡ. ಇದೆಲ್ಲ ನಿನಗ ತಿಳಿಯೂದಲ್ಲ. ನಾಳಿ ನೀ ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಕುಂದ್ರು. ಸಾಹೇಬ್ರು ನಿನ್ನ ಕಡಿ ನೋಡಿದಾಗ ಎರಡು ಹನಿ ಕಣ್ಣೀರ ಹಾಕು. ಉಳಿದದ್ದು ನಮಗ ಬಿಡು."

"ಅಳಲಕ್ಕ ನಾನು, ಹೇಳಲಕ್ಕ ನೀವು!"

ಕೈಯಲ್ಲಿದ್ದುದನ್ನು ಹಲಗೆಯ ಮೇಲೆ ಬೀಸಿ ಒಗೆದಳು. ಬೆಳ್ಳುಳ್ಳಿ ಜಜ್ಜುತ್ತಿದ್ದ ಕಬ್ಬಿಣದ ಗೂಟ. ಒಂದು ಡಬ್ಬಿ ಹಾರಿ ಗೋಡೆಗೆ ಬಡಿಯಿತು. ಮೂಲೆಯಲ್ಲಿ ಮಲಗಿದ್ದ ಕೂಸು ಚೀರಿತು. ಯಾರೂ ಅತ್ತ ತಿರುಗಲಿಲ್ಲ.

"ಆರು ಸೀಜನ್ ಆ ಡಬ್ಬಿಗಿ ಕಬ್ಬು ತುಂಬೀನಿ. ಆ ಬೇಲಿ ಒಳಗ ಇದ್ದಾಕಿ ನಾನು. ನೀ ಹೊರಗ ನಿಂತು ನೋಡಿ ಬಂದೀದಿ! ಅಂವ ಸತ್ತ ವಾರದಾಗ ಹಳೇ ಗೂಟ ಕೊಂಡಿ ಎಲ್ಲ ಕಿತ್ತು ಹೊಸಾವು ಹಾಕ್ಯಾರ. ನೀ ನೋಡಿದ್ದು ಆ ಹೊಸಾವು. ಹಳೇದು ಇಲ್ಲಿ ಬಿದ್ದದ, ನೋಡು."

ಕಾಶಪ್ಪ ಗೂಟವನ್ನು ಕೈಗೆತ್ತಿಕೊಂಡ. ಗೇಣುದ್ದವಿತ್ತು, ನಡುವೆ ಸವೆದು ಸೊಂಟದಂತೆ ಸಣ್ಣಗಾಗಿತ್ತು. ತಲೆಯ ಮೇಲೆ ಫ್ಯಾಕ್ಟರಿಯ ಮುದ್ರೆ. ಸವೆದುಹೋಯಿತೆಂದು ಒಗೆದದ್ದನ್ನು ಅಂಬಾರಾಯನೇ ಯಾವಾಗಲೋ ಮನೆಗೆ ತಂದಿದ್ದನಂತೆ. ಇಷ್ಟು ದಿನ ಈ ಖೋಲಿಯ ಖಾರಬ್ಯಾಳಿಗೆ ಬೆಳ್ಳುಳ್ಳಿಯೆಲ್ಲ ಇದರಲ್ಲೇ ಜಜ್ಜಿದ್ದು.

"ಮದಲೇ ಹೇಳಬಾರದಿತ್ತೇನು?" ಎಂದ. ಅವನಿಗೂ ಸಿಟ್ಟು ಬಂದಿತ್ತು.

"ಕೇಳಿದ್ದೇನು ನೀ? ತಿಂಗಳಗಟ್ಟಲೆ ಇದರ ಮುಂದ ಕುಂತೀದಿ. ಚಾ ತಂದ್ರ ಕೈ ಚಾಚೀದಿ. ಏಳೂಮುಂದ ಬಟ್ಟಿ ಹೊಚ್ಚಿ 'ಮುಟ್ಟಬ್ಯಾಡಕ್ಕಾ' ಅಂದೀದಿ. ನಾ ಏನ್ ಆ ಫ್ಯಾಕ್ಟರೀನಾ, ನನ್ನ ಬೇಲಿ ಹೊರಗ ನಿಂತು ನೋಡಲಕ್ಕ?"

ನಿಜಲಿಂಗಪ್ಪ ಚಪ್ಪಲಿ ಹುಡುಕತೊಡಗಿದ. ಮುಂಜಾನೆ ಬೇಗ ಬರುತ್ತೇನೆಂದು ಹೇಳಿ ಹೋದ. ಹೋಗುವಾಗ ಬಾಗಿಲನ್ನು ಬಹಳ ಮೆತ್ತಗೆ ಎಳೆದುಕೊಂಡ.

"ಕೀಳು," ಎಂದಳು ಯಂಕವ್ವ.

ಕಾಶಪ್ಪ ಕಪ್ಲಿಂಗಿನ ರಿವೆಟ್ ಕಿತ್ತ. ತಿಂಗಳುಗಟ್ಟಲೆಯ ಕೆಲಸ ನಾಲ್ಕು ಏಟಿಗೆ ಹೋಯಿತು. ಅಕ್ಕ ಹೇಳಿದಂತೆ ಡಬ್ಬಿಯ ತುದಿಗೆ ಹಿತ್ತಾಳೆಯ ತುಂಡಿನಿಂದ ಬಾಯಿ ಮಾಡಿದ, ಮೇಲಿನಿಂದ ಗೂಟಕ್ಕೆ ತೂತು ಕೊರೆದ. ಸೈಕಲ್ ಕಡ್ಡಿಯನ್ನು ಬಗ್ಗಿಸಿ ಉದ್ದನೆಯ ಬಳೆಯಂಥ ಕೊಂಡಿ ಮಾಡಿದ. ಕೊಂಡಿಯ ಒಂದು ತುದಿ ಈ ಡಬ್ಬಿಯ ಬಾಯಲ್ಲಿ. ಎದುರಿನ ಡಬ್ಬಿ ಬರುವಾಗ ಇನ್ನೊಂದು ತುದಿ ಅದರ ಬಾಯೊಳಗೆ ನುಗ್ಗಬೇಕು, ಆಮೇಲೆ ಮೇಲಿನಿಂದ ಗೂಟ ಬೀಳಬೇಕು. ಮೊದಲ ಕೊಂಡಿಯನ್ನು ಬಿಗಿಯಾಗಿ ಕೂರಿಸಿದ. ಅದು ನೆಟ್ಟಗೆ ಮುಂದಕ್ಕೆ ಚಾಚಿ ನಿಂತಿತು.

"ಅಲ್ಲ. ಜೋತು ಬೀಳಬೇಕು ಅದು."

"ಅಷ್ಟು ಸಡ್ಲ ಮಾಡಿದ್ರ ಕೆಲಸ ಕೆಟ್ಟಂಗ ಕಾಣ್ತದಕ್ಕಾ."

"ಕೆಟ್ಟೇ ಇತ್ತು."

ತೂತು ದೊಡ್ಡದು ಮಾಡಿದ. ಕೊಂಡಿ ಜೋತು ಬಿತ್ತು. ಎದುರಿನ ಡಬ್ಬಿಯನ್ನು ದೂಡಿದ. ಕೊಂಡಿ ಅದರ ಬಾಯಿಗೆ ಸಿಗದೆ ಕೆಳಗೇ ಉಳಿಯಿತು, ತಗಡಿಗೆ ತಗಡು ಡಿಕ್ಕಿ ಹೊಡೆಯಿತು. ಮತ್ತೆ ದೂಡಿದ. ಮತ್ತೆ ಡಿಕ್ಕಿ. ಮೂರನೆಯ ಸಲ ಎಡಗೈಯ ಬೆರಳಿನಿಂದ ಕೊಂಡಿಯನ್ನು ಎತ್ತಿ ಹಿಡಿದು ಬಲಗೈಯಿಂದ ದೂಡಿದ. ಕೊಂಡಿ ಒಳಗೆ ಹೋಯಿತು. ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಉಗುರು ಸಿಕ್ಕಿತು.

ಅವನು ಬೆರಳು ಬಾಯಲ್ಲಿಟ್ಟುಕೊಂಡ. ಯಂಕವ್ವ ಗೂಟ ತೊಳೆದುಕೊಂಡು ಉಳಿದ ಬೆಳ್ಳುಳ್ಳಿ ಜಜ್ಜಲು ಕೂತಳು.

ಮರುದಿನ ವಿಚಾರಣೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಮೇಜಿನ ಆಚೆಗಷ್ಟೇ ಬೀಸುತ್ತಿತ್ತು. ವಿಚಾರಣೆಯ ಸಾಹೇಬರು ಫ್ಯಾಕ್ಟರಿಯ ಇಂಜಿನಿಯರ್ ಕೃಷ್ಣಾಜಿ ಕೊಟ್ಟ ಫೋಟೊಗಳನ್ನು ನೋಡಿದರು. ಹೊಸ ಕಪ್ಲಿಂಗಿನ ಫೋಟೊಗಳು. ಕೃಷ್ಣಾಜಿ ಅವಸರವಿಲ್ಲದೆ ಮಾತಾಡುತ್ತಿದ್ದ. ನಮ್ಮಲ್ಲಿ ಡಬ್ಬಿಗಳ ನಡುವೆ ಯಾರೂ ಹೋಗಬೇಕಾಗಿಲ್ಲ. ಪಾಪ, ಒಳ್ಳೆಯ ಕೆಲಸಗಾರ. ಆದರೆ ಈ ಜನಕ್ಕೆ ಜೀವದ ಪರಿವೆ ಕಡಿಮೆ.

ನಿಜಲಿಂಗಪ್ಪ ಯಂಕವ್ವನ ಕಡೆ ನೋಡಿ ಕೂಸಿನತ್ತ ಕಣ್ಣು ಮಾಡಿದ. ಅವಳು ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿ ಎದ್ದಳು.

ಹಲಗೆಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಕಬ್ಬಿಣದ ಗೂಟವನ್ನು ಮುದ್ರೆ ಮೇಲೆ ಬರುವಂತೆ ಇಟ್ಟಳು. ಬೆಳ್ಳುಳ್ಳಿಯ ವಾಸನೆ ಬಂತು. ಸಾಹೇಬರು ಮೂಗು ಹಿಂದಕ್ಕೆ ತೆಗೆದುಕೊಂಡರು, ಆಮೇಲೆ ಬಗ್ಗಿ ಮುದ್ರೆ ಓದಿದರು.

"ಇದು ನಿಮ್ಮದೇ?"

ಕೃಷ್ಣಾಜಿ ನೋಡಿದ. "ಹಳೆಯದು ಸರ್. ಯಾವ ಕಾಲದ್ದೋ."

"ಅಂದರೆ ಇಂಥವು ಇದ್ದವು."

"ಇದ್ದವು. ಆದರೆ ಅದಕ್ಕೂ ನಡುವೆ ಹೋಗಬೇಕಾಗಿರಲಿಲ್ಲ. ಕೊಂಡಿ ಎತ್ತಲು ಕೋಲು ಕೊಟ್ಟಿದ್ದೆವು."

"ಕೋಲು!" ಎಂದಳು ಯಂಕವ್ವ. ಹೊಲದಲ್ಲಿ ಕಲಿತ ಮರಾಠಿಯಲ್ಲಿ, ಜಗಳಕ್ಕೆ ನಿಂತವಳ ದನಿಯಲ್ಲಿ ಇಂಜಿನಿಯರನಿಗೇ ಹೇಳಿದಳು. "ಹಾತ ನ ಲಾವತಾ ಜೋಡಾ." ಕೈ ಹಚ್ಚದೆ ಜೋಡಿಸಿ.

ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಹಲಗೆಯನ್ನು ಅವನ ಕಡೆಗೆ ತುಸು ತಿರುಗಿಸಿದರು.

ಕೃಷ್ಣಾಜಿ ನಸುನಕ್ಕು ಜೇಬಿನಿಂದ ಪೆನ್ಸಿಲು ತೆಗೆದ. ಅದರ ತುದಿಯಿಂದ ಕೊಂಡಿಯನ್ನು ಎತ್ತಿದ. ಯಂಕವ್ವ ತನ್ನ ಕಡೆಯ ಡಬ್ಬಿಯನ್ನು ನಿಧಾನವಾಗಿ ದೂಡಿದಳು. ಕೊಂಡಿ ಪೆನ್ಸಿಲಿನ ಮೇಲೆ ಹೊರಳಿ ಪಕ್ಕಕ್ಕೆ ಜಾರಿತು. ತಗಡಿಗೆ ತಗಡು ಬಡಿಯಿತು. ಅವನು ಪೆನ್ಸಿಲನ್ನು ಅಡ್ಡ ಹಿಡಿದು ನೋಡಿದ. ಕೊಂಡಿ ಎದ್ದಿತು, ಬಾಯಿಯ ಹತ್ತಿರ ಬಂದು ವಾಲಿತು, ಬಿತ್ತು. ಮತ್ತೆ ಬಡಿಯಿತು.

"ಇದು ಸರಿಯಾಗಿ ಮಾಡಿಲ್ಲ ಸರ್. ತೂತು ಸಡಿಲಾಗಿದೆ."

ಯಂಕವ್ವ ಸವೆದ ಗೂಟವನ್ನು ಅವನ ಮುಂದಕ್ಕೆ ಸರಿಸಿದಳು. ಅದರ ಸವೆದ ನಡುವಿಗೆ ಬೆರಳು ತೋರಿಸಿದಳು. ತನ್ನ ಡಬ್ಬಿಯನ್ನು ಹಿಂದಕ್ಕೆ ಎಳೆದು ಮತ್ತೆ ಬಿಟ್ಟಳು.

ಡಬ್ಬಿ ಬರುತ್ತಿತ್ತು. ಕೃಷ್ಣಾಜಿಯ ಹಣೆಯ ಮೇಲೆ ಸಿಟ್ಟಿನ ಗೆರೆ ಮೂಡಿತು. ಕೊಂಡಿ ಮೂರನೆಯ ಸಲವೂ ವಾಲುವುದನ್ನು ಕಂಡ. ಪೆನ್ಸಿಲು ಕೈ ಬಿಟ್ಟಿತು. ಹೆಬ್ಬೆರಳು ತೋರುಬೆರಳು ತಾವಾಗಿ ಡಬ್ಬಿಗಳ ನಡುವೆ ಇಳಿದು ಕೊಂಡಿಯನ್ನು ಎರಡೂ ಕಡೆಯಿಂದ ಹಿಡಿದು ಎತ್ತಿದವು. ಎಷ್ಟೋ ಸಲ ಎತ್ತಿದ ಕೈಯ ಹಾಗೆ ಎತ್ತಿದವು.

ಯಂಕವ್ವ ಡಬ್ಬಿಯನ್ನು ಅಂಗೈಯಿಂದ ತಡೆದು ಹಿಡಿದಳು.

ಕಾಶಪ್ಪ ಬಾಗಿಲ ಬಳಿ ನಿಂತಿದ್ದ. ಸಾಹೇಬರು ಕನ್ನಡಕ ತೆಗೆದು ಮೇಜಿನತ್ತ ಬಾಗಿದರು. ಕೃಷ್ಣಾಜಿಯ ಬೆರಳುಗಳು ಕೊಂಡಿಯ ಮೇಲೆ ಹಾಗೇ ಇದ್ದವು. ಅವನೂ ಅವುಗಳನ್ನೇ ನೋಡುತ್ತಿದ್ದ.

ಯಂಕವ್ವ ದೂಡಲಿಲ್ಲ. ಅಂಗೈ ತೆಗೆಯಲೂ ಇಲ್ಲ.