ಖಾಲಿ ಗಾಡಿಯ ಸದ್ದು

ಲಾರಿಯ ಹಿಂಬಾಗಿಲ ಸರಪಳಿಯ ಕೊಂಡಿ ಕೊಂಡಿಗೂ ಬಟ್ಟೆ ಸುತ್ತಿ ಮುಗಿಸುವ ಹೊತ್ತಿಗೆ ಅವನ ಬೆರಳುಗಳೆಲ್ಲ ಗ್ರೀಸಾಗಿದ್ದವು. ಎದ್ದು ಬಾಗಿಲನ್ನೊಮ್ಮೆ ಅಲ್ಲಾಡಿಸಿದ. ಸದ್ದಿಲ್ಲ. ತುಂಬಿದ ಲಾರಿ ನರಳುತ್ತದೆ, ಖಾಲಿ ಲಾರಿ ಗಲಗಲ ಎನ್ನುತ್ತದೆ; ಕಸುಬಿನವರಿಗೆ ತಿರುವಿನಾಚೆಯಿಂದಲೇ ಗೊತ್ತಾಗುತ್ತದೆ. ಒಳಗೆ ನಾಲ್ಕು ಹಳೆಯ ಟಯರು ಪೇರಿಸಿ, ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದಿದ್ದ. ನೋಡಿದವರು ಮೈತುಂಬ ಲೋಡಿರುವ ಗಾಡಿ ಅನ್ನಬೇಕು.

ಟ್ರಾನ್ಸ್‌ಪೋರ್ಟ್ ಆಫೀಸಿನ ಅಂಗಳದಲ್ಲಿ ಅವನನ್ನು ಎಲ್ಲರೂ ಪಾಲುದಾರ ಎನ್ನುತ್ತಿದ್ದರು. ಸ್ವಂತ ಲಾರಿಯನ್ನು ಆ ಆಫೀಸಿಗೆ ಓಡಿಸುವವರಿಗೆ ಅಲ್ಲಿ ಎರಡು ದಾರಿ. ಒಂದು, ಪ್ರತಿ ಲೋಡಿನ ಬಾಡಿಗೆಯಲ್ಲಿ ಪಾಲು: ಒಳ್ಳೆಯ ಲೋಡು ಬಿದ್ದರೆ ರಾಜ, ಖಾಲಿ ಬಂದರೆ ಡೀಸೆಲ್ಲೂ ಕೈಯಿಂದ. ಇನ್ನೊಂದು ಕಿಲೋಮೀಟರಿನ ಲೆಕ್ಕ: ತುಂಬಿರಲಿ ಖಾಲಿಯಿರಲಿ, ಚಕ್ರ ಉರುಳಿದಷ್ಟು ದುಡ್ಡು. ಕಡಿಮೆ, ಆದರೆ ಖಾತರಿ. ಈ ಎರಡನೆಯವರಿಗೆ ‘ಮೀಟರು’ ಎಂದು ಹೆಸರಿಟ್ಟವನು ಅವನೇ. ಅವರಲ್ಲೇ ಹಿರಿಯನಾದ ಬಿಳಿಗಡ್ಡದ ಡ್ರೈವರ್‌ನನ್ನು ‘ಮೀಟರ್ ತಾತ’ ಮಾಡಿದವನೂ ಅವನೇ.

ಹೆಂಡತಿಯ ತಮ್ಮ ಕಾರ್ಖಾನೆಯ ಕೆಲಸ ಬಿಟ್ಟು ಲಾರಿ ಕೊಂಡಾಗ, “ಭಾವ, ನಾನು ಹೊಸಬ, ಮೊದಲು ಕಿಲೋಮೀಟರಲ್ಲೇ ಓಡಿಸ್ಲಾ?” ಎಂದು ಕೇಳಿದ್ದ. ಅವನು ಎಲ್ಲರೂ ಕೇಳುವಂತೆ ನಕ್ಕು, “ಲೋ, ಗಾಡಿ ನಿಂದು, ಮೈಮುರಿದು ದುಡಿಯೋನು ನೀನು. ಪಾಲು ಕೇಳೋನು ಯಜಮಾನ, ಮೀಟರ್ ಕೇಳೋನು ಕೂಲಿ” ಎಂದಿದ್ದ. ಭಾಮೈದ ಪಾಲಿಗೇ ಸೇರಿದ.

ಆಮೇಲೆ ಬಾಡಿಗೆ ದರಗಳು ಕುಸಿದವು. ಮಳೆ ಶುರುವಾದ ವಾರ, ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವನು ಗುಮಾಸ್ತನ ಕಿಟಕಿಗೆ ಹೋಗಿ ಕಿಲೋಮೀಟರಿಗೆ ಬದಲಾಯಿಸಿಕೊಂಡಿದ್ದ. ಭಾಮೈದನಿಗೆ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದ. ನಾಲಿಗೆ ಏಳುತ್ತಿರಲಿಲ್ಲ.

ಈಗ ಆಫೀಸಿನ ಅಪ್ಪಣೆಯಂತೆ ಮುಂದಿನ ಊರಿನ ಗೋದಾಮಿಗೆ ಖಾಲಿ ಹೊರಟಿದ್ದ. ಪಾಲಿನವನು ಹೀಗೆ ಖಾಲಿ ಹೊರಡುವುದಿಲ್ಲ; ಕಂಡವರಿಗೆ ಅವನೂ ಮೀಟರೆಂದು ತಿಳಿದುಬಿಡುತ್ತಿತ್ತು. ಮಳೆ ಬಿಟ್ಟು ಬಿಸಿಲು ಚುರುಗುಡುತ್ತಿತ್ತು. ಹೆದ್ದಾರಿ ಬದಿಯ ಚಹದಂಗಡಿ ದಾಟುವಾಗ ರಸ್ತೆಗೇ ಇಳಿದು ಎರಡೂ ಕೈ ಬೀಸುತ್ತಿದ್ದವನನ್ನು ಕಂಡ. ಭಾಮೈದ. ಹಿಂದೆ ಅವನ ಲಾರಿ, ಮೇಲೆ ಟೊಮೇಟೊ ಕ್ರೇಟುಗಳ ಗೋಡೆ, ಸುತ್ತ ಮೂರ್ನಾಲ್ಕು ಡ್ರೈವರುಗಳು. ಬ್ರೇಕು ಒತ್ತದೆ ಬೇರೆ ದಾರಿಯಿರಲಿಲ್ಲ.

“ಭಾವ, ದೇವರು ಬಂದಂಗೆ ಬಂದ್ರಿ. ಬೆಳಿಗ್ಗೆನೇ ಗೇರ್‌ಬಾಕ್ಸ್ ಕೈಕೊಟ್ತು. ಮೆಕ್ಯಾನಿಕ್ ನಾಳೆ ಅಂತಾನೆ. ಇವರೆಲ್ಲರ ಗಾಡೀನೂ ತುಂಬಿವೆ. ಸಂಜೆಯೊಳಗೆ ಮಾರ್ಕೆಟ್ಟಿಗೆ ಮುಟ್ಟದಿದ್ರೆ ಇಷ್ಟೂ ಗೊಜ್ಜಾಗುತ್ತೆ. ನಿಮ್ಮ ಗಾಡೀಲಿ ಜಾಗ ಇದೆಯಾ?”

ಕ್ಯಾಬಿನ್ನಿನಿಂದ ಇಳಿಯದೆಯೇ, “ಇಲ್ಲಪ್ಪ. ಫುಲ್ ಲೋಡು” ಎಂದ.

“ಏನು ಲೋಡು?”

“ಮೆಷಿನ್ ಸಾಮಾನು.”

ಬಾಯಿಂದ ಬಿದ್ದ ಮೇಲೆ ತಪ್ಪು ತಿಳಿಯಿತು. ಹತ್ತಿ ಎನ್ನಬಹುದಿತ್ತು. ಖಾಲಿ ಡಬ್ಬ ಎನ್ನಬಹುದಿತ್ತು. ಆದರೆ ಪಾಲಿನವನ ನಾಲಿಗೆ. ದೊಡ್ಡ ಬಾಡಿಗೆಯ ಸಾಮಾನನ್ನೇ ಹೇಳಿಬಿಟ್ಟಿತ್ತು. ಮೆಷಿನ್ ಹೊತ್ತ ಗಾಡಿಯ ಚಕ್ರದ ಮೇಲಿನ ಕಮಾನುಪಟ್ಟಿಗಳು ಭಾರಕ್ಕೆ ನೆಟ್ಟಗೆ ಮಲಗಿರುತ್ತವೆ. ಭಾಮೈದನ ಕಣ್ಣು ಕೆಳಗಿಳಿದು, ಬಿಲ್ಲಿನಂತೆ ಬಾಗಿ ನಿಂತಿದ್ದ ಪಟ್ಟಿಗಳ ಮೇಲೆ ನಿಂತಿತು. ಅಲ್ಲಿಂದ ಮೇಲೆದ್ದು ಭಾವನ ಮುಖಕ್ಕೆ ಬರಲಿಲ್ಲ. ಪಕ್ಕದ ಹೊಲದ ಕಡೆ ಹೋಯಿತು.

“ಏನಂತೆ ನಿನ್ನ ಭಾವ?” ಚಹದ ಲೋಟ ಹಿಡಿದು ಮೀಟರ್ ತಾತ ಅತ್ತ ಬರತೊಡಗಿದ. “ಪಾಲುದಾರರು ಕ್ರೇಟು ಮುಟ್ಟಿದ್ರೆ ಕೈ ಸವೆಯುತ್ತಂತಾ?”

ಭಾಮೈದ ಎರಡು ಹೆಜ್ಜೆ ಸರಿದು ಹಿಂದಿನ ಚಕ್ರದ ಪಟ್ಟಿಗಳು ಕಾಣದಂತೆ ಅಡ್ಡವಾಗಿ ನಿಂತ. “ತುಂಬಿದೆ ತಾತ. ಮೆಷಿನ್ನು. ಪಟ್ಟಿ ಮುರಿಯೋ ಹಂಗೆ ಕೂತಿದೆ, ಇನ್ನೊಂದು ಕ್ರೇಟೂ ಹಿಡಿಯಲ್ಲ.” ಆಮೇಲೆ ಮೆಲ್ಲಗೆ, “ಹೊರಡಿ ಭಾವ. ನಿಮಗೆ ಹೊತ್ತಾಗುತ್ತೆ” ಎಂದ.

ಅವನು ಗೇರು ಹಾಕಿದ. ಕನ್ನಡಿಯಲ್ಲಿ ಕ್ರೇಟುಗಳು ಕಂಡವು. ಅಡಿಯ ಸಾಲಿನಿಂದ ಕೆಂಪು ನೀರು ಆಗಲೇ ತೊಟ್ಟಿಕ್ಕುತ್ತಿತ್ತು. ಭಾಮೈದ ಇನ್ನೂ ಚಕ್ರದ ಬಳಿಯೇ ಇದ್ದ, ಎರಡೂ ಕೈ ಬೆನ್ನಿಗೆ ಕಟ್ಟಿ. ಚಿಕ್ಕ ಹುಡುಗರು ಒಡೆದ ಲೋಟವನ್ನು ಹಿಂದೆ ಮುಚ್ಚಿಟ್ಟುಕೊಳ್ಳುವ ಹಾಗೆ.

ಇಂಜಿನ್ ಆರಿಸಿದ. ಇಳಿದ. ಯಾರ ಮುಖವನ್ನೂ ನೋಡದೆ ಹಗ್ಗದ ಗಂಟಿಗೆ ಕೈಹಾಕಿದ. ತಾನೇ ಬಿಗಿದ ಗಂಟು, ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಎಳೆದ. ಟಾರ್ಪಾಲು ಜಾರಿ ನೆಲಕ್ಕೆ ಬಿತ್ತು. ಅಗಲವಾದ ಲಾರಿಯ ನಡುವೆ ನಾಲ್ಕು ಬೋಳು ಟಯರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗುತ್ತಿದ್ದ.

ಮೀಟರ್ ತಾತ ಉಳಿದ ಚಹವನ್ನು ನೆಲಕ್ಕೆ ಚೆಲ್ಲಿದ. “ಟಯರೂ ಲೋಡೇ ಬಿಡಿ” ಎಂದು ಮುಂಡಾಸಿನಂತೆ ತಲೆಗೆ ಟವೆಲು ಸುತ್ತಿದ. “ಬನ್ರಯ್ಯ, ಎರಡೂ ಗಾಡಿ ಬೆನ್ನಿಗೆ ಬೆನ್ನು ಹಚ್ಚಿ. ಹಣ್ಣು ಕಾಯ್ತಾ ಕೂರಲ್ಲ.”

ಭಾಮೈದನ ಲಾರಿಯನ್ನು ಎಲ್ಲರೂ ಸೇರಿ ತಳ್ಳಿ ನಿಲ್ಲಿಸಿದರು. ಕ್ರೇಟುಗಳು ಕೈಯಿಂದ ಕೈಗೆ ಬರತೊಡಗಿದವು. ಸಾಲಿನಲ್ಲಿ ಅವನ ಹಿಂದಿನವನು ತಾತ. ಪ್ರತಿ ಕ್ರೇಟು ದಾಟಿಸುವಾಗಲೂ ಮುದುಕನ ಬೆರಳು ಅವನ ಬೆರಳಿಗೆ ತಗುಲುತ್ತಿತ್ತು, ಪ್ರತಿ ಸಲವೂ ಅವನು ತಲೆ ತಗ್ಗಿಸುತ್ತಿದ್ದ. ಕ್ಯಾಬಿನ್ನಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಗೋದಾಮಿನವರಿರಬೇಕು. ಹೊಡೆದು ಹೊಡೆದು ಸುಮ್ಮನಾಯಿತು.

ಕೊನೆಯ ಸಾಲು ಏರಿದಾಗ ಲಾರಿ ಒಮ್ಮೆ ನರಳಿ ಕೂತಿತು. ಉಳಿದವರು ಕೈ ತೊಳೆಯಲು ಅಂಗಡಿಯ ನಲ್ಲಿಯ ಕಡೆ ಹೋದರು. ಹಿಂಬಾಗಿಲು ಮುಚ್ಚಲು ಇಬ್ಬರೇ ಉಳಿದರು.

“ಯಾವಾಗಿಂದ ಭಾವ?”

“ಮಳೆ ಶುರುವಾದಾಗಿಂದ.”

ಭಾಮೈದ ಹಿಂಬಾಗಿಲನ್ನು ಎತ್ತಿ ಹಿಡಿದ. “ನಾನು ಎರಡು ಸಲ ಖಾಲಿ ಬಂದೆ” ಎಂದ. “ನಿಮಗೆ ಮುಖ ತೋರಿಸೋಕಾಗದೆ ಊರು ಸುತ್ತಿ ಹಿಂದಿನ ದಾರಿಯಿಂದ ಮನೆ ಸೇರ್ಕೊಂಡೆ. ನಂಗೇ ಓಡಿಸೋಕೆ ಬರಲ್ಲವೇನೋ ಅಂತ.”

ಅವನು ಬಾಗಿಲಿನ ಇನ್ನೊಂದು ತುದಿಯನ್ನು ಒತ್ತಿ ಹಿಡಿದ.

ಸರಪಳಿ ಎಳೆಯಹೋದ ಭಾಮೈದ ಅದನ್ನು ಹಿಡಿದು ನೋಡಿದ. ನೀಲಿ ಹೂವಿನ ಬಟ್ಟೆಯ ಚೂರುಗಳು. “ಅಕ್ಕನ ಬೆಡ್‌ಶೀಟ್ ಅಲ್ವಾ ಇದು? ನಾನು ಕೊಡಿಸಿದ್ದು.”

“ಹಳೇ ಬಟ್ಟೆ ಇದ್ರೆ ಕೊಡು ಅಂದೆ. ಯಾಕೆ ಅಂತಾನೂ ಕೇಳಲಿಲ್ಲ ನಿಮ್ಮಕ್ಕ. ಕೂತು ಸಣ್ಣ ಸಣ್ಣಗೆ ಹರಿದು ಕೊಟ್ಟಳು.”

ಭಾಮೈದ ಒಂದು ಚೂರು ಬಿಚ್ಚಿ ಬೆರಳ ಸಂದಿಯ ಟೊಮೇಟೊ ರಸವನ್ನು ಒರೆಸಿಕೊಂಡ. ಬಿಸಾಡಲು ಕೈ ಎತ್ತಿದವನು ತಡೆದುಕೊಂಡ. ಬಟ್ಟೆಯನ್ನು ಕೊಡವಿ, ಅದೇ ಕೊಂಡಿಗೆ ಮತ್ತೆ ಸುತ್ತತೊಡಗಿದ, ಒಂದು ಸುತ್ತು, ಇನ್ನೊಂದು ಸುತ್ತು, ತುದಿಯನ್ನು ಕಾಣದಂತೆ ಒಳಗೆ ಸಿಕ್ಕಿಸುತ್ತ.